ಕಸವೆಂದು ಕಿತ್ತದ್ದು, ಪಲ್ಯವೆಂದು ಉಂಡದ್ದು

ಮೃಗಶಿರಾ ಮಳೆ ಸುರಿದು ಹತ್ತು-ಹನ್ನೆರಡು ದಿನಗಳಾದವೆಂದರೆ ಜತ್ತ, ಕವಠೆಮಹಾಂಕಾಳ, ಮಿರಜ ತಾಲೂಕುಗಳ ಹೊಲಗಳಲ್ಲಿ ಬಿತ್ತಿದ ಬೀಜದ ಜೊತೆಗೆ ಬಿತ್ತದ ಬೀಜವೂ ಮೊಳೆಯುತ್ತದೆ. ಯಾರೂ ಹರಗದ, ಯಾರೂ ನೀರೆರೆಯದ ಈ ಬೆಳೆಗೆ ನಮ್ಮ ಕಡೆಯ ರೈತರು ಇಟ್ಟಿರುವ ಹೆಸರು ‘ಕಸ’. ಆದರೆ ಕುರ್ಪಿ ಹಿಡಿದು ಸಾಲಿನಲ್ಲಿ ಕುಳಿತ ಹೆಣ್ಣುಮಕ್ಕಳು ಕಿತ್ತ ಕಸವನ್ನೆಲ್ಲ ಒಂದೇ ರಾಶಿಗೆ ಎಸೆಯುವವರಲ್ಲ. ಅದರಲ್ಲಿ ಒಂದು ಪಾಲು ಬದುವಿಗೆ, ಒಂದು ಪಾಲು ಮನೆಯ ದನಕರುಗಳಿಗೆ, ಮತ್ತೊಂದು ಪಾಲು ಉಡಿಗೆ ಸೇರುತ್ತದೆ. ಉಡಿಗೆ ಸೇರಿದ ಪಾಲು ಸಂಜೆಯ ರೊಟ್ಟಿಗೆ ಪಲ್ಯವಾಗುತ್ತದೆ.

ಒಂದೇ ಗಿಡ ಒಬ್ಬರ ಕಣ್ಣಿಗೆ ಕಸ, ಇನ್ನೊಬ್ಬರ ಕಣ್ಣಿಗೆ ಪಲ್ಯ. ಈ ಎರಡರ ನಡುವಿನ ಅಂತರ ಗಿಡದಲ್ಲಿಲ್ಲ, ನೋಡುವವರ ಅರಿವಿನಲ್ಲಿದೆ. ಆ ಅರಿವು ಅಳಿದ ದಿನ ಗಿಡ ಹೊಲದಲ್ಲಿದ್ದರೂ ಊಟದಿಂದ ಮಾಯವಾಗುತ್ತದೆ. ನಮ್ಮ ಗಡಿನಾಡಿನ ಮನೆಗಳಲ್ಲಿ ಇಂದು ನಡೆಯುತ್ತಿರುವುದು ಇದೇ. ಕನ್ನಡ ಶಾಲೆಗೆ ಹೋಗುವ ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಹಕ್ಕರಕಿಯ ಗುರುತಿದೆ, ಗೋಣಿಪಲ್ಯದ ಹುಳಿ ಗೊತ್ತಿದೆ ಎಂದು ಪಾಲಕರು ತಮ್ಮ ಮನೆಯಲ್ಲಿಯೇ ಒಮ್ಮೆ ಕೇಳಿ ನೋಡಬೇಕು.

ಹೆಸರಿನೊಳಗೆ ಅಡಗಿದ ಶಾಸ್ತ್ರ

ಮೊದಲು ‘ಪಲ್ಯ’ ಎಂಬ ಮಾತನ್ನೇ ನೋಡೋಣ. ಬೆಂಗಳೂರು-ಮೈಸೂರುಗಳ ಕಡೆ ಪಲ್ಯವೆಂದರೆ ಬೇಯಿಸಿ ಒಗ್ಗರಣೆ ಕೊಟ್ಟ ಪದಾರ್ಥ. ಗಿಡದ ಮೇಲಿರುವುದು ಸೊಪ್ಪು. ನಮ್ಮಲ್ಲಿ ಹಾಗಲ್ಲ. ಹೊಲದಲ್ಲಿ ನಿಂತಿರುವಾಗಲೇ ಅದು ಪಲ್ಯ, ಸಂತೆಯಲ್ಲಿ ಸೂಡು ಕಟ್ಟಿಟ್ಟಾಗಲೂ ಪಲ್ಯ, ತಾಟಿನಲ್ಲಿಯೂ ಪಲ್ಯ. ಮೆಂತೆಪಲ್ಯ, ಪುಂಡಿಪಲ್ಯ, ಕಾಯಿಪಲ್ಯ ಎಂಬ ಮಾತುಗಳೆಲ್ಲ ಇದೇ ಬಳಕೆಯವು. ಗಿಡವನ್ನು ಕಂಡ ಕೂಡಲೇ ಊಟವನ್ನು ನೆನೆಯುವ ಒಂದು ಜನಜೀವನ ಈ ಮಾತಿನ ಹಿಂದೆ ಇದೆ.

ಗಡಿನಾಡಿನಲ್ಲಿ ಬೆಳೆದವರಿಗೆ ಪ್ರತಿಯೊಂದು ಪಲ್ಯಕ್ಕೂ ಎರಡು ಹೆಸರು ಗೊತ್ತಿರಬೇಕಾಗುತ್ತದೆ: ಮನೆಯಲ್ಲಿ ಒಂದು, ಸಂತೆಯಲ್ಲಿ ಒಂದು. ನಾವು ಹಕ್ಕರಕಿ, ಕೆಲವೆಡೆ ಹತ್ತರಕಿ ಎನ್ನುವ ಸೊಪ್ಪು ಮರಾಠಿಯಲ್ಲಿ ಪಾಥರಿ. ಗೋಣಿಪಲ್ಯ ಅಲ್ಲಿ ಘೋಳ. ಕಿರಕಸಾಲಿ ತಾಂದುಳಜಾ; ಅದರ ಮುಳ್ಳಿನ ಬಂಧು ಮುಳ್ಳುಹರಿವೆ ಕಾಟೇಮಾಠ. ತಗಚೆ ಟಾಕಳಾ, ಅಣ್ಣೆಸೊಪ್ಪು ಕುರಡೂ, ಉತ್ತರಾಣಿ ಆಘಾಡಾ, ನೆಗ್ಗಿಲು ಸರಾಟಾ, ಮಡಹಾಗಲ ಕರಟೋಲಿ. ಮಿರಜಿನ ಲಕ್ಷ್ಮೀ ಮಾರುಕಟ್ಟೆಗಾಗಲಿ, ಸಾಂಗಲಿಯ ಸಂತೆಗಾಗಲಿ ಹೋದಾಗ ಈ ಎರಡನೆಯ ಹೆಸರುಗಳು ಉಪಯೋಗಕ್ಕೆ ಬರುತ್ತವೆ. ಎರಡೂ ಹೆಸರು ಬಲ್ಲ ಮಗು ಎರಡು ಭಾಷೆಗಳ ಅನುಭವಕ್ಕೆ ವಾರಸುದಾರ. ಆದರೆ ಮನೆಯ ಹೆಸರು ಮರೆತು, ಸಂತೆಯ ಹೆಸರು ಕಲಿಯದೆ ಉಳಿದರೆ ಆ ಮಗುವಿಗೆ ಗಿಡ ಬರಿಯ ‘ಹಸಿರು’ ಆಗಿಬಿಡುತ್ತದೆ.

ಹೆಸರೆಂಬುದು ಕೇವಲ ಗುರುತಿನ ಚೀಟಿಯಲ್ಲ. ‘ಹಕ್ಕರಕಿ’ ಎಂದು ಹೇಳುವ ಅಜ್ಜಿಗೆ ಅದು ಹಿಂಗಾರಿ ಜೋಳ ಮತ್ತು ಕಡಲೆಯ ಹೊಲದಲ್ಲಿ ನೆಲಕ್ಕೆ ಅಂಟಿಕೊಂಡು ಹರಡುತ್ತದೆಂದು ಗೊತ್ತು. ಎಲೆಯ ಅಂಚು ಗರಗಸದಂತಿರುವುದು, ಮುರಿದರೆ ಹಾಲು ಒಸರುವುದು, ಹೂವು ಬಿಟ್ಟ ಮೇಲೆ ಕಹಿ ಏರುವುದು, ಎಳೆಯದಾಗಿರುವಾಗ ಬೇಯಿಸದೆ ತಿನ್ನಬಹುದಾದುದು – ಇವೆಲ್ಲ ಆ ಒಂದು ಹೆಸರಿನ ಜೊತೆಯಲ್ಲಿಯೇ ಬರುವ ತಿಳಿವಳಿಕೆ. ಸ್ಥಳ, ಕಾಲ, ಗುರುತು, ಬಳಕೆ, ಎಚ್ಚರ – ಈ ಐದೂ ಸೇರಿದರೆ ಒಂದು ಹೆಸರು ಪೂರ್ಣವಾಗುತ್ತದೆ. ನಮ್ಮ ಅನೇಕ ಮನೆಗಳಲ್ಲಿ ಅಜ್ಜಿಯನ್ನು ‘ಆಯಿ’ ಎನ್ನುತ್ತೇವೆ. ಮರಾಠಿಯಲ್ಲಿ ಆ ಮಾತಿಗೆ ತಾಯಿ ಎಂದರ್ಥ. ಪಲ್ಯದ ಪಾಠ ಸಾಗಿಬಂದ ದಾರಿಯೂ ಇದೇ ಎರಡು ಅರ್ಥಗಳ ನಡುವೆ: ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ.

ಮಳೆಯ ಲೆಕ್ಕದ ಊಟ

ಸಾಂಗಲಿ ಜಿಲ್ಲೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನಡೆದಂತೆ ಮಳೆ ಇಳಿಯುತ್ತ ಹೋಗುತ್ತದೆ. ಸಹ್ಯಾದ್ರಿಗೆ ತಾಗಿದ ಶಿರಾಳಾ ತಾಲೂಕಿನ ಚಾಂದೋಲಿಯ ಭಾಗ ಮಲೆನಾಡು. ಪೂರ್ವದ ಜತ್ತ ಮಳೆಯ ನೆರಳಿನ ನಾಡು, ಅಲ್ಲಿ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸಿನ ಮಳೆಯನ್ನೇ ನಂಬಿ ಬದುಕಬೇಕು. ಆದ್ದರಿಂದ ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ಪಲ್ಯಗಳ ಪರಂಪರೆ ಇದೆ. ಕನ್ನಡ ಮಾತನಾಡುವ ಊರುಗಳು ಹೆಚ್ಚಾಗಿ ಪೂರ್ವದಲ್ಲಿರುವುದರಿಂದ ನಮ್ಮ ಪಾಲಿಗೆ ಬಂದುದು ಎರೆಹೊಲ, ಮಡ್ಡಿ, ಹಳ್ಳದ ದಂಡೆಗಳ ಪಲ್ಯ.

ಮುಂಗಾರಿನ ಮೊದಲ ಹಸಿರಿನಲ್ಲಿ ತಗಚೆ, ಕಿರಕಸಾಲಿ, ಅಣ್ಣೆಸೊಪ್ಪುಗಳು ಮುಂದು. ತಗಚೆಯ ಎಲೆ ರಾತ್ರಿ ಮಡಚಿಕೊಂಡು ಬೆಳಿಗ್ಗೆ ಬಿಚ್ಚಿಕೊಳ್ಳುವುದನ್ನು ಮಕ್ಕಳು ಕುತೂಹಲದಿಂದ ನೋಡಬಹುದು. ಎರಡು-ಮೂರು ಜೊತೆ ಎಲೆ ಬಂದಾಗ ಚಿವುಟಿದರೆ ಅದು ಪಲ್ಯ. ಮೊಳಕಾಲೆತ್ತರ ಬೆಳೆದರೆ ವಾಸನೆ ಏರಿ ತಿನ್ನಲಾಗದು. ಕಾಸರಗೋಡು ಹಾಗೂ ಕರಾವಳಿಯ ತುಳುವರು ಇದನ್ನು ತಜಂಕ್ ಎನ್ನುತ್ತಾರೆ. ಹಿಂದೆ ಕೆಲಸವೂ ಇಲ್ಲದೆ ಕಾಳೂ ಇಲ್ಲದೆ ಕಳೆಯಬೇಕಾಗಿದ್ದ ಆಟಿ ತಿಂಗಳಿನಲ್ಲಿ ಅವರ ಊಟಕ್ಕೆ ಆಸರೆಯಾದ ಸೊಪ್ಪುಗಳಲ್ಲಿ ಇದೂ ಒಂದು. ಸಹ್ಯಾದ್ರಿಯ ಆಚೆಯ ಕಡಲ ತೀರದಲ್ಲಿಯೂ ಈಚೆಯ ಎರೆಭೂಮಿಯಲ್ಲಿಯೂ ಒಂದೇ ಗಿಡ, ಒಂದೇ ಹಸಿವು, ಒಂದೇ ಉಪಾಯ.

ಭಾದ್ರಪದಕ್ಕೆ ಬಂದರೆ ಪಲ್ಯ ಪೂಜೆಯನ್ನು ಸೇರುತ್ತದೆ. ಗಣಪತಿಗೆ ಏರಿಸುವ ಪತ್ರೆಗಳಲ್ಲಿ ಉತ್ತರಾಣಿಯೂ ಒಂದು. ಅದರ ಎಳೆಯ ಎಲೆ ಪಲ್ಯವೂ ಆಗುತ್ತದೆ. ಮನೆಗೆ ಬಂದ ಗೌರಿಗೆ ಮೊದಲ ದಿನ ಪಲ್ಯ-ಭಕ್ಕರಿಯ ನೈವೇದ್ಯ ಮಾಡುವ ಪದ್ಧತಿ ಮಹಾರಾಷ್ಟ್ರದಲ್ಲಿದೆ. ಇನ್ನೂ ಅರ್ಥಪೂರ್ಣವಾದುದು ಗಣೇಶ ಚತುರ್ಥಿಯ ಮರುದಿನ ಬರುವ ಋಷಿಪಂಚಮಿ. ಆ ದಿನ ವ್ರತ ಹಿಡಿದ ಹೆಂಗಸರು ಎತ್ತು ಉತ್ತ ಹೊಲದ ಬೆಳೆಯನ್ನು ಉಣ್ಣುವುದಿಲ್ಲ. ಎತ್ತಿನ ದುಡಿಮೆಯಿಲ್ಲದೆ ಬೆಳೆದುದನ್ನು ಮಾತ್ರ ಸೇರಿಸಿ ಮಾಡಿದ ಪಲ್ಯವನ್ನು ಉಣ್ಣುತ್ತಾರೆ. ಇದರ ಧಾರ್ಮಿಕ ಅರ್ಥ ಏನೇ ಇರಲಿ, ನೇಗಿಲಿಲ್ಲದೆಯೂ ಭೂಮಿ ಏನು ಕೊಡಬಲ್ಲದು ಎಂಬುದನ್ನು ವರ್ಷಕ್ಕೊಮ್ಮೆ ನೆನಪಿಸಿಕೊಳ್ಳುವ ದಿನವಂತೂ ಹೌದು. ಪಾಠವನ್ನು ಮರೆಯದಿರಲು ಹಿರಿಯರು ಅದನ್ನು ಪಂಚಾಂಗದೊಳಗೆ ಬರೆದಿಟ್ಟರು.

ಹಿಂಗಾರಿಯ ಕಾಲ ನಮ್ಮ ಭಾಗಕ್ಕೆ ಪಲ್ಯದ ಸುಗ್ಗಿ. ಕಡಲೆಯ ಕುಡಿ ಚಿವುಟುವುದು, ಕುಸುಬಿಯ ಎಳೆ ಸಸಿಗಳನ್ನು ತೆಳುವು ಮಾಡುವಾಗ ಕಿತ್ತದ್ದನ್ನು ಮನೆಗೆ ತರುವುದು, ಜೋಳದ ಸಾಲುಗಳಲ್ಲಿ ಹಕ್ಕರಕಿ ಹುಡುಕುವುದು – ಇವು ಆ ದಿನಗಳ ಕೆಲಸಗಳು. ಕಡಲೆಯ ಗಿಡದ ಮೇಲೆ ರಾತ್ರಿ ಶುಭ್ರವಾದ ಬಟ್ಟೆ ಹಾಸಿ, ಇಬ್ಬನಿಯೊಂದಿಗೆ ಇಳಿದ ಹುಳಿಯನ್ನು ಬೆಳಿಗ್ಗೆ ಹಿಂಡಿ ತೆಗೆದಿಡುವ ಜಾಣ್ಮೆಯೂ ಈ ನಾಡಿನದು. ಅಜೀರ್ಣಕ್ಕೆ ಅದು ಮನೆಮದ್ದು. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಮನೆಮಂದಿಯೆಲ್ಲ ಕುಳಿತು ಉಣ್ಣುವ ಬುತ್ತಿಯಲ್ಲಿ ಸಜ್ಜಿರೊಟ್ಟಿ, ಶೇಂಗಾ ಹೋಳಿಗೆಗಳ ಜೊತೆಗೆ ಹಲವು ಪಲ್ಯ-ಕಾಳುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ ಇರುತ್ತದೆ. ಸಂಕ್ರಾಂತಿಯ ಹಿಂದಿನ ದಿನದ ಭೋಗಿಯ ಪಲ್ಯದಲ್ಲಿಯೂ ಇದೇ ಕೂಡುಣ್ಣುವಿಕೆ. ಆ ಹೊತ್ತಿಗೆ ಬದುವಿನ ಬಾರಿಗಿಡಗಳು ಹಣ್ಣಾಗಿರುತ್ತವೆ. ಬೇಸಿಗೆಗೆ ಮಡ್ಡಿಯ ಕವಳಿಹಣ್ಣು, ಮುಂಗಾರಿನ ಬಾಗಿಲಿಗೆ ನೇರಳೆ. ಮಕ್ಕಳ ಮಟ್ಟಿಗೆ ಇದೇ ಹಣ್ಣಿನ ಅಂಗಡಿ.

ಬರಗಾಲ ಕಲಿಸಿದ ಪಾಠ

ಇವೆಲ್ಲ ರುಚಿಗಾಗಿ ಹುಟ್ಟಿದ ಅರಿವಷ್ಟೇ ಅಲ್ಲ. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಮುಂಬಯಿ ಪ್ರಾಂತದ ದಕ್ಷಿಣ ಜಿಲ್ಲೆಗಳು, ಅದರಲ್ಲಿಯೂ ಆಗ ಕಲಾದಗಿ ಎಂದು ಕರೆಯಲಾಗುತ್ತಿದ್ದ ಇಂದಿನ ವಿಜಯಪುರ-ಬಾಗಲಕೋಟೆಗಳ ಸೀಮೆ, ಭಯಂಕರವಾಗಿ ನಲುಗಿದವು. ಜತ್ತದ ಸೀಮೆ ಅದಕ್ಕೆ ಅಂಟಿಕೊಂಡೇ ಇದೆ. 1896-97 ಮತ್ತು 1899-1900ರಲ್ಲಿ ಮತ್ತೆ ಬರ. ಕಣಜ ಬರಿದಾದಾಗ ಜನರು ಬದುವಿನತ್ತ, ಹಳ್ಳದತ್ತ, ಅಡವಿಯತ್ತ ನಡೆದರು. ಅವರು ಏನನ್ನು ತಿಂದು ಜೀವ ಹಿಡಿದರೆಂಬುದನ್ನು ಆಳುವವರೂ ಬರೆದುಕೊಳ್ಳಬೇಕಾಯಿತು. 1886ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಜೆಟಿಯರಿನ ಸಸ್ಯ ಸಂಪುಟದಲ್ಲಿ ಬರಗಾಲದಲ್ಲಿ ತಿನ್ನುವ ಸಸ್ಯಗಳಿಗೆ ಸ್ಥಾನ ಸಿಕ್ಕಿತು. 1902ರಲ್ಲಿ ಸಸ್ಯವಿಜ್ಞಾನಿ ಜಿ.ಎ. ಗ್ಯಾಮಿ ಅವರು ಬರ ಮತ್ತು ಅಭಾವದ ಕಾಲದಲ್ಲಿ ಮುಂಬಯಿ ಪ್ರಾಂತದ ಜನ ಆಹಾರವಾಗಿ ಬಳಸಿದ ಸಸ್ಯಗಳ ಕುರಿತಾಗಿಯೇ ಒಂದು ಟಿಪ್ಪಣಿಯನ್ನು ಪ್ರಕಟಿಸಿದರು.

ನಾವು ಕಾಲಿಗೆ ಚುಚ್ಚಿತೆಂದು ಬೈಯುವ ನೆಗ್ಗಿಲ ಮುಳ್ಳಿನ ಕಾಯಿಯನ್ನು ಸಹ ಕುಟ್ಟಿ ಹಿಟ್ಟು ಮಾಡಿ ತಿಂದ ಕಾಲವದು. ಅಂತಹ ಊಟವನ್ನು ವೈಭವೀಕರಿಸಬೇಕಾಗಿಲ್ಲ. ಹಸಿವಿನಿಂದ ಕಂಗೆಟ್ಟವರು ತಿನ್ನಬಾರದ್ದನ್ನು ತಿಂದು ನರಳಿದ್ದೂ ಇತಿಹಾಸವೇ. ಆದರೆ ಯಾವ ಗಿಡದ ಯಾವ ಭಾಗವನ್ನು ಹೇಗೆ ಹದಗೊಳಿಸಿದರೆ ಹೊಟ್ಟೆ ತಡೆದುಕೊಳ್ಳುತ್ತದೆ ಎಂದು ಬಲ್ಲ ಮನೆಗೆ, ಬಲ್ಲದ ಮನೆಗಿಂತ ನಾಲ್ಕು ದಿನ ಹೆಚ್ಚು ಕಾಯುವ ಶಕ್ತಿಯಿತ್ತು. 1972ರ ಬರವನ್ನು ಕಂಡ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಕಲ್ಲು ಒಡೆಯುವ ಕೆಲಸಕ್ಕೆ ಹೋದ ಆ ದಿನಗಳಲ್ಲಿ ರೊಟ್ಟಿಯ ಜೊತೆಗೆ ಏನಿರುತ್ತಿತ್ತೆಂದು ಮಕ್ಕಳು ಅವರನ್ನು ಕೇಳಬೇಕು. ಇಂದಿಗೂ ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಕಾರ್ಖಾನೆಗಳ ಕಡೆಗೆ ಹೊರಡುವ ಪೂರ್ವ ಭಾಗದ ಕುಟುಂಬಗಳಿಗೆ ಪರಸ್ಥಳದ ಬದುವಿನ ಪಲ್ಯದ ಪರಿಚಯ ಕೆಲಸಕ್ಕೆ ಬರುತ್ತದೆ.

ಅಡುಗೆಯೇ ಪ್ರಯೋಗಶಾಲೆ

ನಮ್ಮ ತಾಯಂದಿರ ಅಡುಗೆಯ ಕ್ರಮವನ್ನು ಗಮನಿಸಿದರೆ ಅದರಲ್ಲಿ ಒಂದು ತರ್ಕ ಕಾಣುತ್ತದೆ. ಕೆಸುವಿನೆಲೆಗೆ ಹುಣಸೆಹುಳಿ ಹಾಕದೆ ಯಾರೂ ಬೇಯಿಸುವುದಿಲ್ಲ. ಆ ಎಲೆಯಲ್ಲಿ ಸೂಜಿಯಂತಹ ಅತಿ ಸಣ್ಣ ಹರಳುಗಳಿವೆ. ಗಂಟಲು ಕೆರೆಯುವುದು ಅವುಗಳಿಂದ. ಹುಳಿ ಮತ್ತು ದೀರ್ಘಕಾಲದ ಬೇಯುವಿಕೆ ಆ ಕೆರೆತವನ್ನು ತಗ್ಗಿಸುತ್ತವೆ. ಕಿರಕಸಾಲಿ, ಗೋಣಿ, ಹರಿವೆಯ ಜಾತಿಗಳಲ್ಲಿ ಆಕ್ಸಲೇಟು ಎಂಬ ಅಂಶ ಹೆಚ್ಚು; ಅತಿಯಾದರೆ ಅದು ಸುಣ್ಣದಂಶವನ್ನು ಕಟ್ಟಿಹಾಕುತ್ತದೆ, ಮೂತ್ರಕೋಶದ ಕಲ್ಲಿನ ತೊಂದರೆ ಇರುವವರಿಗೆ ಒಗ್ಗುವುದಿಲ್ಲ. ಸೊಪ್ಪನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿ, ಬಳಿಕ ಒಗ್ಗರಣೆ ಕೊಡುವ ಪದ್ಧತಿಯಿಂದ ಅದರಲ್ಲಿ ಒಂದು ಪಾಲು ಹೊರಟುಹೋಗುತ್ತದೆ. ಬೇಳೆ, ಮಜ್ಜಿಗೆ, ಶೇಂಗಾಪುಡಿಗಳೊಡನೆ ಕೂಡಿಸಿ ಉಣ್ಣುವುದೂ ಹಿತ.

ಇನ್ನು ಹಕ್ಕರಕಿಯನ್ನು ಹಸಿಯಾಗಿಯೇ ತಿನ್ನುವುದೇಕೆ? ತೊಳೆದ ಎಲೆಗೆ ಉಪ್ಪು, ಉಳ್ಳಾಗಡ್ಡಿ, ಗುರೆಳ್ಳು ಚಟ್ನಿಯ ಪುಡಿ, ನಾಲ್ಕು ಹನಿ ಎಣ್ಣೆ ಸೇರಿಸಿ ಬಿಸಿ ಜೋಳದ ರೊಟ್ಟಿಯೊಡನೆ ತಿಂದವರಿಗೆ ಕಾರಣ ಬೇಕಾಗುವುದಿಲ್ಲ, ಆದರೂ ಕಾರಣವಿದೆ. ಬೇಯಿಸಿದರೆ ನಾಶವಾಗುವ ‘ಸಿ’ ಜೀವಸತ್ವ ಹಸಿ ಎಲೆಯಲ್ಲಿ ಉಳಿಯುತ್ತದೆ, ಅದು ಜೋಳ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣದಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ನಿಂಬೆಹಣ್ಣು ಹಿಂಡಿದರೆ ಇನ್ನೂ ಒಳ್ಳೆಯದು. ಗೋಣಿಪಲ್ಯದ ದಪ್ಪ ಎಲೆಯಲ್ಲಿ ಒಮೆಗಾ-3 ಬಗೆಯ ಕೊಬ್ಬಿನಂಶ ಸೊಪ್ಪುಗಳಲ್ಲೇ ವಿಶೇಷವಾಗಿದೆಯೆಂದು ಆಹಾರವಿಜ್ಞಾನ ಗುರುತಿಸಿದೆ. ಯುರೋಪಿನ ಕೆಲವು ದೇಶಗಳಲ್ಲಿ ಇದನ್ನು ಬೆಲೆ ಕೊಟ್ಟು ಕೊಂಡು ತಿನ್ನುತ್ತಾರೆ. ನಮ್ಮ ಕಡೆ ಅದು ಉಳ್ಳಾಗಡ್ಡಿ ಹೊಲದ ಕಸ.

ಕಹಿಯ ವಿಷಯದಲ್ಲಿ ಮಿರಜಿನ ಜನರಿಗೆ ಒಂದು ದೃಷ್ಟಾಂತ ಹತ್ತಿರದಲ್ಲಿಯೇ ಇದೆ. ನಮ್ಮ ಊರಿನ ಪ್ರಸಿದ್ಧ ಸಿತಾರು-ತಂಬೂರಿಗಳ ಬುರುಡೆ ಸೋರೆಯ ಜಾತಿಯದು. ಆದರೆ ಅದು ಅಡುಗೆಯ ಸಿಹಿಸೋರೆಯಲ್ಲ, ಕಹಿಸೋರೆ. ವಾದ್ಯಕ್ಕೆ ಅದು ಶ್ರೇಷ್ಠ, ಹೊಟ್ಟೆಗೆ ವಿಷ. ಸಾಮಾನ್ಯ ಸೋರೆಕಾಯಿಯೂ ಕಹಿಯಾಗಿದ್ದರೆ ಉಗುಳಿ ಎಸೆಯಬೇಕು. ಕಹಿಸೋರೆಯ ರಸ ಕುಡಿದು ಪ್ರಾಣಕ್ಕೆ ಎರವಾದ ಪ್ರಸಂಗಗಳು ದೇಶದಲ್ಲಿ ನಡೆದಿವೆ. ಹಕ್ಕರಕಿಯ ಕಹಿ ತಿನ್ನಬಹುದಾದ ಕಹಿ, ಸೋರೆಯ ಕಹಿ ತಿನ್ನಬಾರದ ಕಹಿ. ಇದನ್ನು ನಾಲಿಗೆಗೆ ಕಲಿಸಬೇಕಾದವರು ಬಲ್ಲ ಹಿರಿಯರೇ.

ಎಚ್ಚರವೂ ಅರಿವಿನ ಭಾಗ

ಆದ್ದರಿಂದ ಈ ಲೇಖನವನ್ನು ಓದಿ ಮಕ್ಕಳು ಒಬ್ಬೊಬ್ಬರೇ ಹೊಲಕ್ಕೆ ಹೋಗಿ ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳಬಾರದು. ಚಿತ್ರ ನೋಡಿ ಗುರುತಿಸುವುದೂ ಸಾಲದು. ಮೊಬೈಲಿನ ಉತ್ತರವನ್ನು ನಂಬುವುದಂತೂ ಸಲ್ಲ. ಗಿಡವನ್ನು ಹಿಂದೆ ತಿಂದು ಬಲ್ಲ ಹಿರಿಯರು ಎದುರಿಗೆ ನಿಂತು ತೋರಿಸಿದ್ದನ್ನು ಮಾತ್ರ ತಿನ್ನಬೇಕು.

ಬೇಲಿಯಾಗಿ ನೆಟ್ಟ ಕಾಡುಹರಳಿನ ಬೀಜಗಳನ್ನು ಶೇಂಗಾದಂತೆ ರುಚಿಯಾಗಿವೆಯೆಂದು ತಿಂದು ವಾಂತಿ-ಭೇದಿಯಿಂದ ಮಕ್ಕಳು ಆಸ್ಪತ್ರೆ ಸೇರುವ ಸುದ್ದಿ ಮಹಾರಾಷ್ಟ್ರದಲ್ಲಿ ಮತ್ತೆ ಮತ್ತೆ ಬರುತ್ತದೆ. ಮರಾಠಿಯಲ್ಲಿ ಇದಕ್ಕೆ ಚಂದ್ರಜ್ಯೋತ ಎಂಬ ಚೆಂದದ ಹೆಸರು. ಗಿಡ ಮಾತ್ರ ಅಪಾಯಕಾರಿ. ಕೆಂಪು-ಕಪ್ಪು ಗುಲಗಂಜಿಯನ್ನು ಜಗಿದರೆ ಪ್ರಾಣಾಂತಿಕ. ದತ್ತೂರಿಯ ಎಲೆ, ಕಾಯಿ, ಬೀಜ ಎಲ್ಲವೂ ವಿಷ. ಕಾಕಿಹಣ್ಣು ಎಂದೂ ಗಣಿಕೆ ಎಂದೂ ಕರೆಯುವ ಗಿಡದ ಕಪ್ಪಾಗಿ ಕಳಿತ ಹಣ್ಣನ್ನು ಜನ ತಿನ್ನುತ್ತಾರೆ. ಅದರ ಹಸಿರು ಕಾಯಿಯನ್ನು ಮಾತ್ರ ಮುಟ್ಟಬಾರದು. ತಪ್ಪಿ ತಿಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ತಿಂದ ಗಿಡದ ತುಂಡೊಂದನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಧಾವಿಸಬೇಕು.

ಹಿಂದಿನವರಿಗೆ ಬೇಕಿಲ್ಲದ ಇನ್ನೆರಡು ಎಚ್ಚರಗಳು ನಮ್ಮ ಕಾಲಕ್ಕೆ ಸೇರಿವೆ. ಕಳೆನಾಶಕ, ಕೀಟನಾಶಕ ಹೊಡೆದ ಹೊಲದ ಪಲ್ಯವನ್ನು ತರಬಾರದು. ಹೊಲ ನಮ್ಮದಲ್ಲದಿದ್ದರೆ ಒಡೆಯರನ್ನು ಕೇಳಿಯೇ ಕೀಳಬೇಕು. ಪಟ್ಟಣದ ಗಟಾರು, ಕಾರ್ಖಾನೆಯ ನೀರು ಹರಿಯುವ ಕಾಲುವೆ, ಹೆದ್ದಾರಿಯ ಅಂಚು – ಇಲ್ಲಿನ ಸೊಪ್ಪು ಎಷ್ಟೇ ಹುಲುಸಾಗಿರಲಿ, ಬೇಡ. ನೆಲದಲ್ಲಿರುವ ಸೀಸದಂತಹ ಲೋಹಗಳನ್ನು ಎಲೆಗಳು ಹೀರಿಕೊಳ್ಳಬಲ್ಲವು. ಚಾಂದೋಲಿಯಂತಹ ರಾಷ್ಟ್ರೀಯ ಉದ್ಯಾನದೊಳಗೆ ಗಿಡ ಕೀಳುವುದು ಕಾನೂನಿಗೆ ವಿರುದ್ಧ.

ಮರೆವಿಗೆ ಕಾರಣಗಳು

ಈ ಅರಿವು ಮಾಸುತ್ತಿರುವುದು ಹೊಸ ಪೀಳಿಗೆಯ ಉದಾಸೀನದಿಂದ ಮಾತ್ರ ಎಂದರೆ ಅರ್ಧ ಸತ್ಯವಾದೀತು. ಹೊಲವೇ ಬದಲಾಗಿದೆ. ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ಮಿರಜ, ಕವಠೆಮಹಾಂಕಾಳಗಳನ್ನು ದಾಟಿ ಜತ್ತದತ್ತ ಬಂದಿದೆ. ಬರದ ನಾಡಿಗೆ ನೀರು ಬಂದುದು ಭಾಗ್ಯವೇ ಸರಿ. ಆದರೆ ಜೋಳ-ಕಡಲೆಯ ಜಾಗಕ್ಕೆ ಕಬ್ಬು, ದ್ರಾಕ್ಷಿ ಬಂದವು. ಕುರ್ಪಿಯ ಜಾಗಕ್ಕೆ ಕಳೆನಾಶಕದ ಪಂಪು ಬಂದಿತು. ಆಳು ಸಿಗದ, ಸಿಕ್ಕರೂ ಕೂಲಿ ಕೊಡಲಾಗದ ರೈತನ ಕಷ್ಟವೂ ನಿಜವಾದುದೇ. ಅವನನ್ನು ದೂರಿ ಫಲವಿಲ್ಲ. ಆದರೆ ಒಂದು ಪಂಪಿನ ಸಿಂಪಡಣೆಯಲ್ಲಿ ಕಸ ತೆಗೆಯುವ ಹೆಣ್ಣುಮಗಳು ಎರಡನ್ನು ಕಳೆದುಕೊಂಡಳೆಂಬುದನ್ನು ಮರೆಯಬಾರದು: ದಿನದ ಕೂಲಿಯನ್ನೂ, ಉಡಿಯ ಪಲ್ಯವನ್ನೂ. ಭೂಮಿ ಇಲ್ಲದವಳಿಗೆ ಪರರ ಹೊಲದಿಂದ ಹಕ್ಕಿನಿಂದ ಬರುತ್ತಿದ್ದುದು ಆ ಪಲ್ಯವೊಂದೇ.

ಎರಡನೆಯ ಕಾರಣ ಒಂದು ವಿದೇಶಿ ಗಿಡ. 1955ರ ಸುಮಾರಿಗೆ ಪುಣೆಯಲ್ಲಿ ಗುರುತಿಸಲಾದ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಕಸ, ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಬದು, ಗಾಂವಠಾಣ, ಶಾಲೆಯ ಆವರಣಗಳಲ್ಲಿ ಪಲ್ಯ ಬೆಳೆಯುತ್ತಿದ್ದ ನೆಲವನ್ನು ಅದು ಆವರಿಸಿದೆ. ದನವೂ ಅದನ್ನು ಮೂಸುವುದಿಲ್ಲ. ಅದರ ಎದುರಿಗೆ ಪೈಪೋಟಿ ಮಾಡಿ ನಿಲ್ಲಬಲ್ಲ ಗಿಡಗಳಲ್ಲಿ ನಮ್ಮ ತಗಚೆಯೂ ಒಂದು ಎಂಬುದು ಸಮಾಧಾನದ ಸಂಗತಿ.

ಮೂರನೆಯ ಕಾರಣ ಸಂಕೋಚ. ಬಿಟ್ಟಿ ಸಿಗುವ ಪಲ್ಯ ಬಡವರ ಊಟವೆಂದು ಎಣಿಸಿದ ಮನೆಗಳಲ್ಲಿ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಕೂಡಲೇ ಅದನ್ನು ತರುವುದನ್ನು ಬಿಟ್ಟರು. ಶಾಲೆಯ ಡಬ್ಬಿಯಲ್ಲಿ ಕಿರಕಸಾಲಿ ಕೊಂಡೊಯ್ಯಲು ಮಕ್ಕಳು ನಾಚುತ್ತಾರೆ. ಅತ್ತ ಮಹಾರಾಷ್ಟ್ರದ ಕೃಷಿ ಇಲಾಖೆ ಆಗಸ್ಟ್ 9ರ ವಿಶ್ವ ಆದಿವಾಸಿ ದಿನದ ಆಸುಪಾಸಿನಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ‘ರಾನಭಾಜಿ ಮಹೋತ್ಸವ’ ನಡೆಸಿದಾಗ, ನಗರದವರು ಇದೇ ಸೊಪ್ಪನ್ನು ಮುಗಿಬಿದ್ದು ಕೊಳ್ಳುತ್ತಾರೆ. ಮಾನ ಬಂದುದು ಸಂತೋಷವೇ. ಅದು ಪಲ್ಯವನ್ನು ಕಾಪಾಡಿದ ಕೈಗಳಿಗೂ ಬರಬೇಕು.

ಆ ಮಾನವನ್ನು ಮೊದಲೇ ಕೊಟ್ಟವರಲ್ಲಿ ಕನ್ನಡಿಗರೊಬ್ಬರಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ ಅವರು ಬೀದರಿನ ಗಡಿಗೆ ಹತ್ತಿರದ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿ, 2023ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿನ ದಲಿತ ರೈತ ಮಹಿಳೆಯರೊಡನೆ ದುಡಿದರು. ಸಿರಿಧಾನ್ಯಗಳ ಹೊಲದಲ್ಲಿ ತಾನಾಗಿ ಬೆಳೆಯುವ ಸೊಪ್ಪುಗಳನ್ನು ಆ ಸಂಸ್ಥೆ ‘ಕೃಷಿ ಮಾಡದ ಆಹಾರ’ವೆಂದು ಗುರುತಿಸಿ ದಾಖಲಿಸಿತು. ಅಕ್ಷರ ಕಲಿಯದ ಹೆಂಗಸರೇ ಅಲ್ಲಿ ಗುರುಗಳು. ಅವರ ಹೊಲಗಳಿಗೂ ನಮ್ಮ ಜತ್ತದ ಹೊಲಗಳಿಗೂ ಮಣ್ಣು, ಮಳೆ, ಬೆಳೆಗಳಲ್ಲಿ ಸಾಮ್ಯ ಬಹಳ.

ಶಾಲೆ ಮತ್ತು ಮನೆ ಮಾಡಬಹುದಾದುದು

ನಮ್ಮ ಮಕ್ಕಳು ಓದುವ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿ ಮುದ್ರಿಸುತ್ತದೆ. ಪುಸ್ತಕವು ರಾಜ್ಯಕ್ಕೆಲ್ಲ ಒಂದೇ. ಅದರಲ್ಲಿ ಪ್ರತಿ ಊರಿನ ಬದುವಿನ ಗಿಡಕ್ಕೂ ಜಾಗ ಸಿಗಬೇಕೆಂದು ನಿರೀಕ್ಷಿಸಲಾಗದು. ಆ ಪುಟವನ್ನು ನಾವೇ ಬರೆಯಬೇಕು. ಈ ಮಳೆಗಾಲದಲ್ಲಿ ಪ್ರತಿ ಶಾಲೆ ಒಂದು ‘ಪಲ್ಯದ ವಹಿ’ಯನ್ನು ಆರಂಭಿಸಬಹುದು. ಒಂದು ಗಿಡಕ್ಕೆ ಒಂದು ಪುಟ. ಮನೆಯಲ್ಲಿ ಕರೆಯುವ ಹೆಸರು, ಮರಾಠಿಯ ಹೆಸರು, ಎಲ್ಲಿ ಬೆಳೆಯುತ್ತದೆ, ಯಾವ ಮಳೆಯಲ್ಲಿ ಸಿಗುತ್ತದೆ, ಯಾವ ಭಾಗವನ್ನು ತಿನ್ನುತ್ತಾರೆ, ಹೇಗೆ ಬೇಯಿಸುತ್ತಾರೆ, ಯಾರು ತಿನ್ನಬಾರದು, ಯಾವ ಗಿಡದೊಡನೆ ಗೊಂದಲವಾಗಬಹುದು – ಇಷ್ಟು ಪ್ರಶ್ನೆ ಸಾಕು. ಕೊನೆಯಲ್ಲಿ, ಹೇಳಿದ ಹಿರಿಯರ ಹೆಸರನ್ನು ಗೌರವದಿಂದ ಬರೆಯಬೇಕು. ಒಣಗಿಸಿದ ಒಂದು ರೆಂಬೆಯನ್ನು ಅಂಟಿಸಿದರೆ, ಸಾಂಗಲಿ-ಮಿರಜಿನ ಕಾಲೇಜುಗಳ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ ಶಾಸ್ತ್ರೀಯ ಹೆಸರನ್ನೂ ಸೇರಿಸಿಕೊಳ್ಳಬಹುದು. ಒಂದೇ ಹೆಸರಿನಿಂದ ಎರಡು ಊರುಗಳಲ್ಲಿ ಎರಡು ಗಿಡಗಳನ್ನು ಕರೆಯುವುದುಂಟು. ಶಾಸ್ತ್ರೀಯ ಹೆಸರಿನ ಪ್ರಯೋಜನ ಅಲ್ಲಿದೆ.

ಶಾಲೆಯ ಮಧ್ಯಾಹ್ನದ ಊಟದ ನಿಯಮದಂತೆ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 75 ಗ್ರಾಂ ತರಕಾರಿ ಸಲ್ಲಬೇಕು. ಶಾಲೆಯ ಪರಸಬಾಗಿನ ಒಂದು ಮೂಲೆಯನ್ನು ಅಗೆಯದೆ, ವಿಷ ಸಿಂಪಡಿಸದೆ ಬಿಟ್ಟು, ಅಲ್ಲಿ ಕಿರಕಸಾಲಿ, ಗೋಣಿ, ನುಗ್ಗೆಗಳಿಗೆ ಸ್ಥಾನ ಕೊಟ್ಟರೆ ಆ ಪಾಲಿಗೆ ಒಂದಿಷ್ಟು ಹಸಿರು ಸೇರುತ್ತದೆ. ಸಾಮೂಹಿಕ ಅಡುಗೆಯಲ್ಲಿ ಎಲ್ಲರೂ ಬಲ್ಲ, ಗೊಂದಲಕ್ಕೆ ಎಡೆಯಿಲ್ಲದ ಸೊಪ್ಪುಗಳನ್ನು ಮಾತ್ರ ಬಳಸಬೇಕೆಂಬುದನ್ನು ಒತ್ತಿ ಹೇಳಬೇಕಾಗಿಲ್ಲ. ಅಡುಗೆ ಮಾಡುವ ತಾಯಂದಿರಲ್ಲಿಯೇ ಪಲ್ಯ ಬಲ್ಲವರು ಇರುತ್ತಾರೆ. ವರ್ಷಕ್ಕೊಮ್ಮೆಯಾದರೂ ಅವರನ್ನು ತರಗತಿಗೆ ಕರೆದು ಪಾಠ ಹೇಳಿಸಬೇಕು.

ಮನೆಯವರ ಕೆಲಸ ಇನ್ನೂ ಸುಲಭ. ವಾರಕ್ಕೊಮ್ಮೆ ಒಂದು ಪಲ್ಯವನ್ನು ಮಾಡುವುದು, ಅದರ ಹೆಸರನ್ನು ಮಕ್ಕಳಿಂದ ಹೇಳಿಸುವುದು. ಕೀಳುವಾಗ ಕುಡಿ ಮಾತ್ರ ಚಿವುಟಿ ಬೇರು ಉಳಿಸುವುದು, ನಾಲ್ಕು ಗಿಡಗಳನ್ನು ಬೀಜಕ್ಕೆ ಬಿಡುವುದು. ಹೊಲವುಳ್ಳವರು ಬದುವಿನ ಒಂದು ಅಂಚಿಗಾದರೂ ಕಳೆನಾಶಕ ತಾಗದಂತೆ ನೋಡಿಕೊಂಡು, ಕಸ ತೆಗೆಯಲು ಬಂದವರಿಗೆ ಪಲ್ಯ ಒಯ್ಯುವ ಹಳೆಯ ಹಕ್ಕನ್ನು ಉಳಿಸುವುದು.

ಗಡಿಯಾಚೆ ಇದ್ದುಕೊಂಡು ಕನ್ನಡವನ್ನು ಉಳಿಸುವುದೆಂದರೆ ಪುಸ್ತಕದ ಕನ್ನಡವನ್ನು ಓದಿಸುವುದಷ್ಟೇ ಅಲ್ಲ. ಹಕ್ಕರಕಿ, ಕಿರಕಸಾಲಿ, ಗೋಣಿ, ತಗಚೆ, ಮಡಹಾಗಲ – ಇವೂ ಕನ್ನಡದ ಪದಗಳೇ. ಇವುಗಳಿಗೆ ಅರ್ಥ ಹೇಳುವ ನಿಘಂಟು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದೆ. ಎಂಬತ್ತು ದಾಟಿದ ಆ ನಿಘಂಟಿಗೆ ಎರಡನೆಯ ಮುದ್ರಣವಿಲ್ಲ. ಈ ಮಳೆ ನಿಲ್ಲುವುದರೊಳಗೆ ಮಕ್ಕಳು ಒಂದು ವಹಿ, ಒಂದು ಪೆನ್ಸಿಲ್ ಹಿಡಿದು ಆಯಿಯ ಜೊತೆಗೆ ಹೊಲಕ್ಕೆ ಹೋಗಿಬರಲಿ.